ಆಲೂಗಡ್ಡೆಯ ಸರ್ಟಿಫಿಕೇಟು

ಮಂಗಳವಾರ ಬೆಳಿಗ್ಗೆ ಮನ್ಸೂರರ ಫೋನು ಬಂದಾಗ ಜಲಜಾ ಅತ್ತೆಯ ಮೊಣಕಾಲಿಗೆ ಐಸ್ ಪ್ಯಾಕು ಕಟ್ಟುತ್ತಿದ್ದಳು. ಹಂಸಮ್ಮನವರಿಗೆ ಮಂಡಿ ಆಪರೇಷನ್ನಾಗಿ ಏಳು ವಾರವಾಗಿತ್ತು. ಮೊದಲಿನಿಂದಲೂ ಮಂಗಳವಾರ, ಶುಕ್ರವಾರ ಜಲಜಾಳ ಆಫೀಸು ಅಮೆರಿಕದ ಎವರ್‌ಗ್ರೀನ್ ಬಡಾವಣೆಯ ಮನೆಯ ಊಟದ ಮೇಜಿನ ಮೇಲೆಯೇ ನಡೆಯುತ್ತಿತ್ತು. ಎರಡೂ ಕೈ ಒದ್ದೆಯಾಗಿದ್ದರಿಂದ ಮೊಣಕೈಯಲ್ಲೇ ಒತ್ತಿ ಫೋನನ್ನು ಸ್ಪೀಕರಿಗೆ ಹಾಕಿದಳು.

"ಬಾಯಾರ, ಒಸಾಕಾದಾಗ ನಮ್ಮ ಕಂಟೇನರ್ ಹಿಡದಾರ್ರಿ," ಎಂದರು ಮನ್ಸೂರ್. "ಒಳಗ ಈರುಳ್ಳಿ ಐತಿ, ಸರ್ಟಿಫಿಕೇಟಿನಾಗ ಆಲೂಗಡ್ಡೆ ಅಂತ ಐತಿ ಅಂತ."

ಜಲಜಾಳ ಕೈ ಅತ್ತೆಯ ಮಂಡಿಯ ಮೇಲೆಯೇ ನಿಂತಿತು. ಹಂಸಮ್ಮ ಕಿಟಕಿಯ ಕಡೆ ನೋಡುತ್ತಿದ್ದರು.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಸಾಕಾಗೆ ಹೋದದ್ದು ಈರುಳ್ಳಿಯೂ ಅಲ್ಲ, ಆಲೂಗಡ್ಡೆಯೂ ಅಲ್ಲ. ಕಂಟೇನರಿನಲ್ಲಿದ್ದದ್ದು ಕಲ್ಲಿನಂತೆ ಹೆಪ್ಪುಗಟ್ಟಿದ ದನದ ನಾಲಿಗೆ. ಕಾಗದದಲ್ಲಿದ್ದದ್ದು ದನದ ಲಿವರು. ಈ ಎರಡಕ್ಕೂ ತರಕಾರಿಯ ಹೆಸರಿಟ್ಟವಳು ಜಲಜಾ. ಆ ಹೆಸರುಗಳನ್ನು ಎರಡು ವರ್ಷದಿಂದ ತಪ್ಪದೆ ಪಾಲಿಸಿಕೊಂಡು ಬಂದವರು ಹುಬ್ಬಳ್ಳಿಯ ಮನ್ಸೂರ್. ಇಪ್ಪತ್ತಾರು ವರ್ಷ ಅಮೆರಿಕದಲ್ಲಿದ್ದರೂ ಮನೆತನಸ್ಥ ಹೆಂಗಸರನ್ನು ಬಾಯಾರ ಎಂದು ಕರೆಯುವ ಊರ ಮರ್ಯಾದೆಯನ್ನು ಬಿಡದ ಮನುಷ್ಯ ಅವರು.

ಮನ್ಸೂರರ ವ್ಯಾಪಾರ ದೊಡ್ಡದೇನಲ್ಲ. ಮಿಲ್ಪಿಟಾಸಿನಲ್ಲಿ ಎರಡು ಕೋಣೆಯ ಆಫೀಸು, ಓಕ್‌ಲ್ಯಾಂಡ್ ಬಂದರಿನ ಹತ್ತಿರ ಬಾಡಿಗೆಗೆ ಹಿಡಿದ ಶೀತಲ ಗೋದಾಮಿನ ಒಂದು ಮೂಲೆ, ಅಷ್ಟೆ. ಅಮೆರಿಕದವನು ದನದ ಬೆನ್ನು, ತೊಡೆ ತಿಂದು ಉಳಿದದ್ದನ್ನು ಮೂಸಿಯೂ ನೋಡುವುದಿಲ್ಲ. ಅದೇ ನಾಲಿಗೆಯನ್ನು ಜಪಾನಿನವನು ತೆಳ್ಳಗೆ ಕೊಯ್ದು ಕೆಂಡದ ಮೇಲೆ ಸುಟ್ಟು, ಒಳ್ಳೆಯ ಬೆಲೆ ಕೊಟ್ಟು ತಿನ್ನುತ್ತಾನೆ. ಲಿವರಿಗೆ ಈಜಿಪ್ಟಿನವನು ಕಾದಿರುತ್ತಾನೆ, ಬೋಟಿಗೆ ಕೊರಿಯಾದವನು. ಕಸದಿಂದ ರಸ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆದರೆ ಆ ರಸ ಇಳಿಯುವಷ್ಟರಲ್ಲಿ ಮನುಷ್ಯನ ಜೀವ ಹಿಂಡಿ ಹಿಪ್ಪೆಯಾಗುತ್ತದೆ. ಒಂದು ದೇಶ ಹಲಾಲ್ ಪತ್ರ ಕೇಳುತ್ತದೆ, ಇನ್ನೊಂದು ದನದ ವಯಸ್ಸು ಕೇಳುತ್ತದೆ, ಮತ್ತೊಂದಕ್ಕೆ ಪೆಟ್ಟಿಗೆಯ ಲೇಬಲ್ಲಿನ ಅಕ್ಷರ ಇಷ್ಟೇ ದಪ್ಪ ಇರಬೇಕು. ಸುಂಕದ ಜಗಳದಲ್ಲಿ ಚೀನಾದ ಬಾಗಿಲು ಹಾಕಿಕೊಂಡಿತು. ಬರ ಬಿದ್ದು ಇಲ್ಲಿ ದನಗಳೇ ಕಡಿಮೆಯಾಗಿ ಮಾಲಿನ ಬೆಲೆ ಆಕಾಶಕ್ಕೇರಿತು. ಅಗ್ಗದ್ದು ಬೇಕೆಂದವರು ಬ್ರೆಜಿಲಿನ ಕಡೆಗೋ ಇಂಡಿಯಾದ ಎಮ್ಮೆ ಮಾಂಸದ ಕಡೆಗೋ ತಿರುಗಿದರು. ನಮ್ಮೂರ ಎಮ್ಮೆ ಇಲ್ಲಿ ತನಕ ಬಂದು ನನ್ನ ಹೊಟ್ಟೆ ಮೇಲೆ ಹೊಡೀತು ಎಂದು ಮನ್ಸೂರ್ ನಗುತ್ತಿದ್ದರು. ಇತ್ತೀಚೆಗೆ ಆ ನಗುವೂ ನಿಂತಿತ್ತು.

ಉಳಿದಿದ್ದ ಆಸೆ ಒಸಾಕಾ ಒಂದೇ. ಅಲ್ಲಿನ ಒಬ್ಬ ಖರೀದಿದಾರನ ಹಿಂದೆ ಮನ್ಸೂರ್ ಹದಿನಾಲ್ಕು ತಿಂಗಳು ಬಿದ್ದಿದ್ದರು. ಆತ ನಾಲಿಗೆಯ ದರ ಕೇಳಿದ, ಲಿವರಿನ ದರ ಕೇಳಿದ, ಎರಡರ ಸ್ಯಾಂಪಲ್ ತರಿಸಿಕೊಂಡ, ತಿಂಗಳುಗಟ್ಟಲೆ ಸುಮ್ಮನಾದ. ಕೊನೆಗೆ ಪರೀಕ್ಷೆಗೆಂದು ಒಂದೇ ಒಂದು ಕಂಟೇನರು ಕಳಿಸಿ, ಸರಿಯಿದ್ದರೆ ವರ್ಷಪೂರ್ತಿ ತೆಗೆದುಕೊಳ್ಳುತ್ತೇನೆ ಎಂದ. ಆ ಒಂದು ಕಂಟೇನರು ಈಗ ಬಂದರಿನಲ್ಲಿ ಹಿಡಿದಿಟ್ಟ ಮಾಲು. ಒಸಾಕಾ ಕೈಬಿಟ್ಟರೆ ವರ್ಷಾಂತ್ಯಕ್ಕೆ ಆಫೀಸಿಗೆ ಬೀಗ ಹಾಕುವುದೇ ಎಂದು ಮನ್ಸೂರ್ ಹೋದ ತಿಂಗಳೇ ಹೇಳಿದ್ದರು.

ಬೀಗ ಬಿದ್ದರೆ ಜಲಜಾಳ ಮನೆಗೂ ಅದರ ಪೆಟ್ಟು ತಾಗುತ್ತಿತ್ತು. ಗಂಡ ಅರವಿಂದನ ಕೆಲಸ ಹೋಗಿ ಎಂಟು ತಿಂಗಳು. ಅವನು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇಂಟರ್ವ್ಯೂ ಮೇಲೆ ಇಂಟರ್ವ್ಯೂ ಕೊಡುತ್ತಿದ್ದ. ಮನೆಯವರೆಲ್ಲರ ಹೆಲ್ತ್ ಇನ್ಶೂರೆನ್ಸಿನ ಕಂತು ಜಲಜಾಳ ಸಂಬಳದಿಂದ ಹೋಗುತ್ತಿತ್ತು. ಹಂಸಮ್ಮನವರ ಇನ್ನೊಂದು ಮಂಡಿಯ ಆಪರೇಷನ್ನು ಜನವರಿಗೆ ನಿಗದಿಯಾಗಿತ್ತು. ದನದ ನಾಲಿಗೆಯ ಮೇಲೆ ಮೈಸೂರಿನ ಮಾಧ್ವ ಹೆಂಗಸಿನ ಮೊಣಕಾಲು ನಿಂತಿತ್ತು ಎಂದರೆ ಒರಟಾಗಿ ಕೇಳಿಸಬಹುದು, ಆದರೆ ಇದ್ದದ್ದು ಹಾಗೆಯೇ.

ಜಲಜಾ ಹಿಂದೆ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದವಳು. ಆ ಕೆಲಸ ಹೋದಾಗ ಸಿಕ್ಕಿದ್ದು ಇದು. ಫಾರಮುಗಳು ಹೆಚ್ಚುಕಡಿಮೆ ಅವೇ, ಮಾಲು ಮಾತ್ರ ಬೇರೆ. ಮೊದಲ ವಾರ ಕೀಬೋರ್ಡಿನ ಮೇಲೆ ಆ ಪದಗಳನ್ನು ಕುಟ್ಟುವಾಗ ಬೆರಳು ಹಿಂಜರಿಯುತ್ತಿತ್ತು. ಆಮೇಲೆ ಬೆರಳಿಗೆ ಅಭ್ಯಾಸವಾಯಿತು, ಬಾಯಿಗೆ ಆಗಲಿಲ್ಲ. ಅತ್ತೆ ಕೇಳಿದಾಗ ಫ್ರೋಜನ್ ಫುಡ್ ಎಂದು ಹೇಳಿದಳು. ಫುಡ್ ಅಂದರೆ ಎಂಥದ್ದು ಎಂದು ಕೇಳಿದರು. ತರಕಾರಿ ಎಂದುಬಿಟ್ಟಳು.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಮಾರನೆಯ ದಿನವೇ ಅವಳು ಮನ್ಸೂರರಿಗೆ ಮುಖ ತಗ್ಗಿಸಿಕೊಂಡು ವಿಷಯ ತಿಳಿಸಿದಳು. ಮನೆಯಿಂದ ಕೆಲಸ ಮಾಡುವ ದಿನ ಫೋನಿನಲ್ಲಿ ಲಿವರಿಗೆ ಆಲೂಗಡ್ಡೆ, ನಾಲಿಗೆಗೆ ಈರುಳ್ಳಿ, ಬೋಟಿಗೆ ಹೂಕೋಸು ಎನ್ನೋಣವೇ ಎಂದು ಕೇಳಿದಳು. ಮನ್ಸೂರ್ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಹಿರಿಯರ ಮನಸ್ಸು ನೋಯಿಸಬಾರದು, ಹಂಗ ಅನ್ನೋಣ್ರಿ ಎಂದರು. ಅಂದಿನಿಂದ ಮನ್ಸೂರರ ಗೋದಾಮು ಫೋನಿನಲ್ಲಿ ತರಕಾರಿ ಮಂಡಿಯಾಯಿತು.

ಜಲಜಾ ಇದನ್ನು ಅತ್ತೆಗೆ ತಾನು ಮಾಡುತ್ತಿರುವ ದೊಡ್ಡ ಉಪಕಾರವೆಂದೇ ತಿಳಿದಿದ್ದಳು. ಎಪ್ಪತ್ತೇಳರ ಮುದುಕಿ, ಏಕಾದಶಿ ಬಿಟ್ಟವರಲ್ಲ, ಚಾತುರ್ಮಾಸದ ಲೆಕ್ಕ ತಪ್ಪಿದವರಲ್ಲ. ಅವರ ತಟ್ಟೆಯ ಅನ್ನ ಎಲ್ಲಿಂದ ಬರುತ್ತದೆ ಎಂದು ಅವರಿಗೆ ಯಾಕೆ ತಿಳಿಯಬೇಕು? ವಯಸ್ಸಾದಂತೆ ಊಟವೂ ಕಡಿಮೆಯಾಗಿತ್ತು. ಮೊದಲೆಲ್ಲ ಆಲೂಗಡ್ಡೆ ಪಲ್ಯವೆಂದರೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದವರು ಈಗ ವಾಯು ಕಣೆ ಎಂದು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಮಸಾಲೆ ದೋಸೆ ಮಾಡಿದರೆ ನನಗೆ ಖಾಲಿ ದೋಸೆ ಸಾಕು ಎನ್ನುತ್ತಿದ್ದರು. ಜಲಜಾ ಒಂದು ಕೆಲಸ ಕಡಿಮೆಯಾಯಿತೆಂದು ಸುಮ್ಮನಾಗಿದ್ದಳು.

ಆದದ್ದು ಇಷ್ಟು. ಕಂಟೇನರಿನ ಜೊತೆ ಹೋದ ಲಕೋಟೆಯಲ್ಲಿ ಎರಡು ಕಾಗದವಿದ್ದವು. ಇನ್ವಾಯ್ಸು ಮನ್ಸೂರ್ ತಾವೇ ಮಾಡಿದ್ದು, ಅದರಲ್ಲಿ ನಾಲಿಗೆ ಎಂದಿತ್ತು. ಸರಕಾರದ ಆರೋಗ್ಯ ಸರ್ಟಿಫಿಕೇಟಿಗೆ ಅರ್ಜಿ ತುಂಬಿದವಳು ಜಲಜಾ, ಅದರಲ್ಲಿ ಲಿವರು ಎಂದಿತ್ತು. ಪಶುವೈದ್ಯ ಅಧಿಕಾರಿ ಅರ್ಜಿಯಲ್ಲಿದ್ದಂತೆ ಸಹಿ ಹಾಕಿಕೊಟ್ಟಿದ್ದರು. ಈಗ ಹೊಸ ಸರ್ಟಿಫಿಕೇಟು ಕೊಡಲು ಅವರು ಒಪ್ಪಿದ್ದರು, ಆದರೆ ತಪ್ಪು ಹೇಗಾಯಿತು ಎಂದು ಮನ್ಸೂರ್, ಜಲಜಾ ಇಬ್ಬರೂ ಸಹಿ ಮಾಡಿ ಬರೆದುಕೊಡಬೇಕಿತ್ತು. ಒಸಾಕಾದವನೂ ಅದೇ ಪತ್ರ ಕೇಳಿದ್ದ. ಅಲ್ಲಿ ಬುಧವಾರ ಬೆಳಿಗ್ಗೆ ಒಂಬತ್ತಾಗುವಾಗ ಇಲ್ಲಿ ಮಂಗಳವಾರ ಸಂಜೆ ಐದು. ಅಷ್ಟರೊಳಗೆ ಪತ್ರ ಅವನ ಕೈಯಲ್ಲಿರಬೇಕು, ಇಲ್ಲವಾದರೆ ಮಾಲು ವಾಪಸ್ಸು.

ಅರವಿಂದನಿಗೆ ಅಂದು ದಿನವಿಡೀ ಇಂಟರ್ವ್ಯೂ, ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿರಲಿಲ್ಲ. ಹೀಗಾಗಿ ಎರಡು ವರ್ಷದಲ್ಲಿ ಮೊದಲ ಸಲ ಮನ್ಸೂರ್ ಅವಳ ಮನೆಗೆ ಬಂದರು. ಶೂ ಬಿಚ್ಚಿ ಬಾಗಿಲ ಬಳಿ ಜೋಡಿಸಿಟ್ಟರು. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು, ಶರ್ಟಿನ ಒಂದು ಗುಂಡಿ ತಪ್ಪು ತೂತಿಗೆ ಸೇರಿತ್ತು. ಹಂಸಮ್ಮ ಮೇಜಿನ ಆ ತುದಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಯಾವ ಊರು ಎಂದು ಕೇಳಿದರು. ಹುಬ್ಬಳ್ಳಿ ಎಂದಾಗ, ಯಜಮಾನರು ರೈಲ್ವೇಲಿದ್ದಾಗ ಗದಗಿನಲ್ಲಿ ಒಂಬತ್ತು ವರ್ಷ ಇದ್ದೆವು, ನಾನು ಅಲ್ಲೇ ಶಾಲೇಲಿ ಟೀಚರಾಗಿದ್ದೆ ಎಂದರು. ಇವರಿಗೆ ಕಾಫಿ ಕೊಡು ಎಂದು ಸೊಸೆಗೆ ಹೇಳಿದರು. ಜಲಜಾ ಯಾವ ಲೋಟ ತೆಗೆಯಲಿ ಎಂದು ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. ದಿನವೂ ತಾವು ಕುಡಿಯುವ ಸ್ಟೀಲಿನ ಲೋಟದಲ್ಲೇ ಕೊಟ್ಟಳು.

ಕಾಫಿ ಮುಗಿದ ಮೇಲೆ ಪತ್ರಕ್ಕೆ ಕೂತರು. ಅಲ್ಲಿಂದ ಶುರುವಾಯಿತು ಜಗಳ. ಹಂಸಮ್ಮ ಎದುರಿಗೇ ಇದ್ದದ್ದರಿಂದ ಜಗಳವೂ ತರಕಾರಿ ಭಾಷೆಯಲ್ಲೇ ನಡೆಯಬೇಕಾಯಿತು.

ಅರ್ಜಿ ತುಂಬಲು ಹೇಳಿ ಅವತ್ತು ಫ್ರೀವೇಯಿಂದ ಫೋನು ಮಾಡಿದಾಗ ನಾನು ಆಲೂಗಡ್ಡೆ ಅಂದೇ ಇಲ್ಲ ಎಂದು ಮನ್ಸೂರ್ ಹೇಳಿದರು. ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಜಲಜಾ. ಒಸಾಕಾದವನು ಆರಿಸಿದ್ದೇ ಈರುಳ್ಳಿ, ನಾನು ಆಲೂಗಡ್ಡೆ ಯಾಕೆ ಅನ್ನಲಿ ಎಂದು ಅವರು. ಅವಳು ಎದ್ದು ಹೋಗಿ ಡೈರಿ ತಂದು ಆ ದಿನದ ಪುಟ ತೆರೆದು ಮುಂದಿಟ್ಟಳು. ಅವಳ ದುಂಡನೆಯ ಅಕ್ಷರದಲ್ಲಿ, ಒಸಾಕಾ, ಆಲೂಗಡ್ಡೆ, ಶುಕ್ರವಾರದ ಹಡಗು ಎಂದಿತ್ತು. ಮನ್ಸೂರ್ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು.

ಇಬ್ಬರೂ ಸುಳ್ಳು ಹೇಳುವವರಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಮಾತು ಮುಂದೆ ಸಾಗಲಿಲ್ಲ. ಸುಳ್ಳುಗಾರರಾಗಿದ್ದರೆ ಕಂಪ್ಯೂಟರಿನ ತಪ್ಪು ಎಂದು ಬರೆದು ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ಗಂಟೆ ಮೂರಾಗಿತ್ತು. ಮಹಡಿಯ ಮೇಲಿಂದ ಅರವಿಂದ ಯಾರಿಗೋ ತನ್ನ ಹದಿನೆಂಟು ವರ್ಷದ ಅನುಭವವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿರುವುದು ಸಣ್ಣಗೆ ಕೇಳಿಸುತ್ತಿತ್ತು.

ಕೊನೆಗೆ ಮನ್ಸೂರ್, ತಪ್ಪು ನನ್ನದೇ ಎಂದು ಬರೆಯಿರಿ, ನಾನು ಸಹಿ ಹಾಕುತ್ತೇನೆ ಎಂದರು. ಮಾಡದ ತಪ್ಪಿಗೆ ಯಾಕೆ ಸಹಿ ಎಂದು ಜಲಜಾ ಕೇಳಿದಳು. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಸಾಕಾಗೇತ್ರಿ ಬಾಯಾರ," ಎಂದರು. ದನಿ ಏರಿರಲಿಲ್ಲ. "ಊರಾಗ ಇದರ ಹೆಸರು ಹೇಳಾಕ ಅಂಜಿ ಅಂಜಿ, ದೊಡ್ಡದು ದೊಡ್ಡದು ಅಂತ ಪಿಸುಗುಟ್ಟತಿದ್ವಿ. ಇಲ್ಲಿ ಲೈಸೆನ್ಸ್ ತಗೊಂಡು, ಟ್ಯಾಕ್ಸ್ ಕಟ್ಟಿ, ರಾಜಾರೋಷ ಧಂದೆ ಮಾಡತೀನಿ. ಇಲ್ಲೂ ತರಕಾರಿ ಅನ್ನೂದಾತು. ನಿಮಗ ಬ್ಯಾಸರ ಆಗಬಾರದಂತ ಅಂದೆ. ನನಗೂ ಒಂದೊಂದು ಸಲ ಬ್ಯಾಸರ ಆಕ್ಕೈತಿ."

ಜಲಜಾಳಿಗೆ ನಾಚಿಕೆಯಾಯಿತು. ಈ ಮನುಷ್ಯನ ಅನ್ನ ತಿನ್ನುತ್ತಾ ಅವನ ಕೆಲಸಕ್ಕೆ ಮುಸುಕು ಹಾಕಿದ್ದೆನಲ್ಲ, ಅದೂ ಅವನ ಕೈಯಿಂದಲೇ ಹಾಕಿಸಿದ್ದೆನಲ್ಲ ಎನಿಸಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅತ್ತೆ ಅಲ್ಲೇ ಇದ್ದರು. ತೆರೆದಿದ್ದ ಡೈರಿಯನ್ನು ಮುಚ್ಚಿದಳು.

ಹಂಸಮ್ಮ ಮೆಂತ್ಯದ ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡಿ ಕೈ ಒರೆಸಿಕೊಂಡರು.

"ಅವರು ಆಲೂಗಡ್ಡೆ ಅನ್ನಲಿಲ್ಲ ಜಲಜಾ," ಎಂದರು. "ಈರುಳ್ಳಿ ಅಂತಾನೂ ಅನ್ನಲಿಲ್ಲ. ಉಳ್ಳಾಗಡ್ಡಿ ಅಂದ್ರು."

ಮನ್ಸೂರ್ ತಲೆ ಎತ್ತಿದರು.

"ಆ ಕಡೆ ಈರುಳ್ಳಿಗೆ ಉಳ್ಳಾಗಡ್ಡಿ ಅಂತಾರೆ. ನೀನು ಮೈಸೂರು ಬಿಟ್ಟರೆ ಅಮೆರಿಕ, ಮಧ್ಯದಲ್ಲಿ ಎಲ್ಲೂ ಇಳಿದವಳಲ್ಲ. ಅವತ್ತು ಕುಕ್ಕರ್ ಬೇರೆ ಕೂಗ್ತಿತ್ತು. ಗಡ್ಡಿ ಅನ್ನೋದು ಕಿವಿಗೆ ಬಿತ್ತು, ಆಲೂ ನೀನೇ ಸೇರಿಸ್ಕೊಂಡೆ."

ಮನ್ಸೂರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಎರಡು ವರ್ಷ ಜಲಜಾಳಿಗಾಗಿ ನಾಲಿಗೆ ಹೊರಳಿಸಿ ಈರುಳ್ಳಿ ಎಂದು ಕಲಿತ ಮನುಷ್ಯ ಅವರು. ಅಂದು ಬಂದರಿನಲ್ಲಿ ಐದು ಗಂಟೆ ಕಾದು, ಊಟವಿಲ್ಲದೆ, ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಅವ್ವ ಕಲಿಸಿದ ಮಾತು ತಾನಾಗಿ ಬಾಯಿಗೆ ಬಂದಿತ್ತು. ತಮ್ಮ ಬಾಯಿಂದ ಬಂದದ್ದು ಉಳ್ಳಾಗಡ್ಡಿಯೆಂದು ಅವರಿಗೇ ಗೊತ್ತಾಗಿರಲಿಲ್ಲ. ಮನೆಯ ಮಾತು ಆಡುವಾಗ ಯಾರಿಗೆ ತಾನೇ ಗೊತ್ತಾಗುತ್ತದೆ?

ಜಲಜಾಳಿಗೆ ತಟ್ಟಿದ್ದು ಬೇರೆ ವಿಷಯ. "ಅತ್ತೆ, ನಿಮಗೆ ಈರುಳ್ಳಿ ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

"ನಾಲಿಗೆ," ಎಂದರು ಹಂಸಮ್ಮ. "ಆಲೂಗಡ್ಡೆ ಅಂದ್ರೆ ಲಿವರು. ಹೂಕೋಸು ಏನು ಅಂತ ಗೊತ್ತಾಗ್ಲಿಲ್ಲ, ಗೊತ್ತಾಗೋದೂ ಬೇಡ. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದೀನಿ. ನೀನು ಕಾಗದಾನೆಲ್ಲ ಮೇಜಿನ ಮೇಲೆ ಹರಡಿ ಸ್ನಾನಕ್ಕೆ ಹೋಗ್ತೀಯ. ಯಾವ ದೇಶದಲ್ಲಮ್ಮ ಆಲೂಗಡ್ಡೆಗೆ ದನದ ಡಾಕ್ಟ್ರು ಸರ್ಟಿಫಿಕೇಟ್ ಕೊಡೋದು?"

ಮನ್ಸೂರ್ ನಗಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಖಾಲಿ ಲೋಟವನ್ನು ತಿರುಗಿಸುತ್ತಿದ್ದರು.

ಜಲಜಾಳಿಗೆ ಇನ್ನೊಂದು ವಿಷಯ ಹೊಳೆಯಿತು. ಹೊಳೆದದ್ದನ್ನು ಕೇಳದೆ ಇರಲಾಗಲಿಲ್ಲ. "ಹಾಗಾದ್ರೆ ಅವತ್ತು ನಾನು ಆಲೂಗಡ್ಡೆ ಅಂತ ಬರ್ಕೊಂಡಾಗ ನಿಮಗೆ ಗೊತ್ತಾಯ್ತಾ?"

"ಗೊತ್ತಾಯ್ತು. ಬರೀತಾ ಬರೀತಾ ಬಾಯಲ್ಲಿ ಹೇಳ್ಕೊಂಡೆಯಲ್ಲ, ಕೇಳಿಸ್ತು." ಹಂಸಮ್ಮ ಸೊಪ್ಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಬಾಯಿ ತುದಿಗೆ ಬಂದಿತ್ತು. ಹೇಳಿದ್ರೆ ನನಗೆ ಎಲ್ಲಾ ಗೊತ್ತು ಅಂತ ನಿನಗೆ ಗೊತ್ತಾಗ್ತಿತ್ತು. ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದಾಳೆ ಅಂತ ಸುಮ್ಮನಿದ್ದೆ. ತಪ್ಪಾಯ್ತು."

ಒಂದು ಮಾತಿಗೆ ಹೆದರಿ ಅವಳು ಬಚ್ಚಿಟ್ಟಳು, ಅವಳಿಗೆ ನೋವಾದೀತೆಂದು ಅವರು ಬಚ್ಚಿಟ್ಟರು. ಇವರಿಬ್ಬರ ಮರ್ಯಾದೆಯ ನಡುವೆ ಇಪ್ಪತ್ತು ಟನ್ನಿನ ಕಂಟೇನರು ಸಿಕ್ಕಿಕೊಂಡಿತು. ಸಿಟ್ಟು ಮಾಡಿಕೊಳ್ಳೋಣವೆಂದರೆ ಜಲಜಾಳಲ್ಲಿ ಅಷ್ಟು ಶಕ್ತಿಯೂ ಉಳಿದಿರಲಿಲ್ಲ.

ಪತ್ರವನ್ನು ಅವಳೇ ಬರೆದಳು. ಕರ್ನಾಟಕದ ಉತ್ತರ ಭಾಗದಲ್ಲಿ ಈರುಳ್ಳಿಗೆ ಒಂದು ಮಾತು, ದಕ್ಷಿಣದಲ್ಲಿ ಆಲೂಗಡ್ಡೆಗೆ ಒಂದು ಮಾತು, ಎರಡರ ಕೊನೆಯೂ ಒಂದೇ ಥರ ಕೇಳಿಸುತ್ತದೆ, ಮನೆಯ ಹಿರಿಯರ ಮುಂದೆ ಮಾಲಿನ ಹೆಸರು ಹೇಳಲು ಸಂಕೋಚಪಟ್ಟು ನಾನು ಈ ಗುಟ್ಟಿನ ಹೆಸರುಗಳನ್ನು ಇಟ್ಟೆ, ತಪ್ಪು ಆ ಸಂಕೋಚದ್ದು, ಇನ್ನು ಮುಂದೆ ಮಾಲನ್ನು ಅದರ ಹೆಸರಿನಿಂದಲೇ ಕರೆಯುತ್ತೇವೆ ಎಂದು ಇಂಗ್ಲಿಷಿನಲ್ಲಿ ಒಂದು ಪುಟ. ಹಂಸಮ್ಮ ಕನ್ನಡಕ ಹಾಕಿಕೊಂಡು ಓದಿ, ಒಂದು ಕಡೆ ಕಾಮಾ ಬಿಟ್ಟು ಹೋಗಿದೆ ಎಂದರು. ಕಾಮಾ ಹಾಕಿದ ಮೇಲೆ ಇಬ್ಬರೂ ಸಹಿ ಮಾಡಿದರು. ನಾಲ್ಕು ಮುಕ್ಕಾಲಿಗೆ ಪತ್ರ ಎರಡು ಕಡೆಗೂ ಹೋಯಿತು.

ಅಧಿಕಾರಿ ಅರ್ಧ ಗಂಟೆಯಲ್ಲಿ ಫೋನು ಮಾಡಿದರು. ಈ ಕೆಲಸದಲ್ಲಿ ಬೇಕಾದಷ್ಟು ಸಬೂಬು ಕೇಳಿದ್ದೇನೆ, ಇದನ್ನು ಯಾರೂ ಕಟ್ಟಿ ಹೇಳಲಾರರು, ಗೋದಾಮಿನ ದಾಖಲೆ ತಾಳೆಯಾದರೆ ಹೊಸ ಸರ್ಟಿಫಿಕೇಟು ಗುರುವಾರ ಕೊಡುತ್ತೇನೆ ಎಂದರು. ಒಸಾಕಾದಿಂದ ಬಂದದ್ದು ಎರಡೇ ಸಾಲು. ಈ ಕಂಟೇನರನ್ನು ಇಟ್ಟುಕೊಳ್ಳುತ್ತೇವೆ, ಮುಂದಿನದರ ಬಗ್ಗೆ ಆಮೇಲೆ ಮಾತಾಡೋಣ. ಮನ್ಸೂರ್ ಅದನ್ನು ಓದಿ, ಆಮೇಲೆ ಅಂದನಲ್ಲ, ಬೇಡ ಅನ್ನಲಿಲ್ಲವಲ್ಲ ಎಂದರು. ಬಾಗಿಲ ಬಳಿ ಶೂ ಹಾಕಿಕೊಂಡು, ಹಂಸಮ್ಮನವರ ಕಡೆ ತಿರುಗಿ ಕೈ ಎತ್ತಿ, "ಬರತೀನ್ರಿ ಅಮ್ಮಾರ," ಎಂದರು. ಹಂಸಮ್ಮ ಹೋಗಿಬನ್ನಿ ಎಂದರು.

ರಾತ್ರಿಯ ಅಡುಗೆಗೆ ಜಲಜಾ ಸೊಪ್ಪು ತೊಳೆಯುತ್ತಿದ್ದಾಗ ಅತ್ತೆ ವಾಕರ್ ಹಿಡಿದು ನಿಧಾನವಾಗಿ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ನಿಮಗೆ ಬೇಜಾರಾಗಲಿಲ್ಲವೇ ಎಂದು ಜಲಜಾ ತಿರುಗದೆಯೇ ಕೇಳಿದಳು.

"ಆಯ್ತು. ಸುಳ್ಳು ಯಾಕೆ ಹೇಳಲಿ? ಈಗಲೂ ಆಗತ್ತೆ," ಎಂದರು ಹಂಸಮ್ಮ. "ನಿನ್ನ ಕೆಲಸ, ನಿನ್ನ ಕಷ್ಟ. ಅದಕ್ಕೆ ನಾನು ಏನೂ ಅನ್ನಲ್ಲ. ಅದನ್ನ ಅದರ ಹೆಸರು ಹಿಡಿದು ಕರೆದಿದ್ರೆ ಅದರ ಪಾಡಿಗೆ ಅದು ಆಚೆ ಇರ್ತಿತ್ತು. ನೀವು ಅದನ್ನ ತಂದು ನನ್ನ ತಟ್ಟೆಗೆ ಹಾಕಿದ್ರಿ."

ಜಲಜಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಲ್ಲಿ ನಿಲ್ಲಿಸಿದಳು. ವಾಯು ಎಂದು ಎರಡು ವರ್ಷ ತಟ್ಟೆಯ ಅಂಚಿಗೆ ಸರಿದ ಪಲ್ಯವೆಲ್ಲ ಕಣ್ಣ ಮುಂದೆ ಬಂತು, ಪಲ್ಯವಿಲ್ಲದ ಖಾಲಿ ದೋಸೆಗಳೂ ಬಂದವು. ಮುಚ್ಚಿಟ್ಟು ಉಪಕಾರ ಮಾಡಿದೆನೆಂದುಕೊಂಡಿದ್ದವಳು ಮುದುಕಿಯ ಬಾಯಿಂದ ಅವರಿಗೆ ಪ್ರಿಯವಾದ ತುತ್ತನ್ನೇ ಕಿತ್ತುಕೊಂಡಿದ್ದಳು. ಅಳು ಬಂತು, ಆದರೆ ಅಳುವುದಕ್ಕೂ ಸುಸ್ತಾಗಿತ್ತು.

ಮರುದಿನ ಮಧ್ಯಾಹ್ನ ಆಫೀಸಿನಿಂದ ಬೇಗ ಬಂದು ಆಲೂಗಡ್ಡೆ ಬೇಯಿಸಿದಳು. ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟಳು. ಚಾತುರ್ಮಾಸವಾದ್ದರಿಂದ ಈರುಳ್ಳಿ ಹಾಕಲಿಲ್ಲ. ಕೊನೆಗೆ ನಿಂಬೆಹಣ್ಣು ಹಿಂಡಿದಳು. ಅವರಿಗೆ ಹೇಗೆ ಇಷ್ಟವಿತ್ತೋ ಹಾಗೆಯೇ ಮಾಡಿ ಬಿಸಿಯಾಗಿ ಬಡಿಸಿದಳು.

ಹಂಸಮ್ಮ ಒಂದು ಹೋಳು ಬಾಯಿಗಿಟ್ಟರು. ಬಹಳ ಹೊತ್ತು ಅಗಿದರು. ನೀರು ಕುಡಿದು ನುಂಗಿದರು. ಆಮೇಲೆ ಉಳಿದದ್ದನ್ನು ಎಡಗೈ ತಾಗದಂತೆ, ಬಲಗೈ ಬೆರಳಿನಿಂದ ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದರು.

"ಒಗ್ಗರಣೆ ಚೆನ್ನಾಗಿದೆ ಕಣೆ," ಎಂದರು. "ಇನ್ನೂ ಇಳಿಯಲ್ಲ."

ಜಲಜಾ ಅವರಿಗೆ ಸಾರು ಬಡಿಸಿದಳು. ಅಂಚಿನಲ್ಲಿದ್ದ ಪಲ್ಯವನ್ನು ತನ್ನ ತಟ್ಟೆಗೆ ಹಾಕಿಕೊಂಡು ಕೂತಳು. ಫೋನು ಬಂತು, ಮನ್ಸೂರರದ್ದು. ಅವಳು ಸ್ಪೀಕರಿಗೆ ಹಾಕಿ, "ಹೇಳಿ ಸಾರ್, ನಾಲಿಗೆ ವಿಷಯ ಏನಾಯ್ತು?" ಎಂದಳು.